ತೆರೆ ಸರಿದ ಮೇಲೆ ಕೇಳುವವರು ಯಾರು? : ಚಲನಚಿತ್ರಗಳ ಆರಂಭದ ದೃಶ್ಯಗಳನ್ನು ಕುರಿತು

ಪ್ರಾಚೀನ ಕನ್ನಡ ಕಾವ್ಯಗಳ ಪೀಠಿಕಾಭಾಗವನ್ನು ಕುರಿತು ನಮ್ಮ ವಿದ್ವತ್ ಪರಂಪರೆಯು ಸಾಕಷ್ಟು ಶ್ರಮವಹಿಸಿ ಬರೆದಿದೆ. ಇಷ್ಟದೇವತಾ ಸ್ತುತಿ, ಪೂರ್ವಕವಿ ಸ್ಮರಣೆ, ಕುಕವಿನಿಂದೆ, ಆಶ್ರಯದಾತನ ವರ್ಣನೆ ಇವೆಲ್ಲ ಏಕೆ ಬರುತ್ತವೆ, ಯಾವ ಕ್ರಮದಲ್ಲಿ ಬರುತ್ತವೆ, ಯಾವ ಕವಿ ಈ ಕ್ರಮವನ್ನು ಮುರಿದ ಎಂಬುದನ್ನು ಸ್ನಾತಕೋತ್ತರ ತರಗತಿಗಳಲ್ಲಿ ನಾವು ಓದಿ ಬಂದವರು. ಗದುಗಿನ ಕುಮಾರವ್ಯಾಸನು ವೀರನಾರಾಯಣನನ್ನೇ ಕವಿಯೆಂದು ಕರೆದು ತನ್ನನ್ನು ಬರಿಯ ಲಿಪಿಕಾರನೆಂದು ಹಿಂದಕ್ಕೆ ಸರಿಸಿಕೊಂಡದ್ದರ ಮೇಲೆಯೇ ಎಷ್ಟೋ ಲೇಖನಗಳು ಬಂದಿವೆ. ಆದರೆ ಕಳೆದ ಒಂಬತ್ತು ದಶಕಗಳಿಂದ ಕನ್ನಡದ ಜನಸಾಮಾನ್ಯರು ಅತಿ ಹೆಚ್ಚು ಸಲ ಕಂಡಿರುವ ಪೀಠಿಕಾಸಂಧಿ, ಅಂದರೆ ಚಲನಚಿತ್ರದ ಮೊದಲ ಹತ್ತು ನಿಮಿಷ, ಈ ಬಗೆಯ ಶಿಸ್ತಿನ ಓದಿಗೆ ಒಳಗಾದದ್ದು ವಿರಳ. ಅದನ್ನು 'ಫಾರ್ಮುಲಾ' ಎಂದು ಕರೆದು ನಕ್ಕು ಮುಂದೆ ಹೋಗುವುದೇ ನಮ್ಮ ವಿಭಾಗಗಳಲ್ಲಿ ರೂಢಿಯಾಗಿದೆ. ಬಯಲಾಟದ ಒಡ್ಡೋಲಗವನ್ನು ಗೌರವದಿಂದಲೂ ಸಿನಿಮಾ ನಾಯಕನ ಪ್ರವೇಶವನ್ನು ತಾತ್ಸಾರದಿಂದಲೂ ನೋಡುವ ಈ ಇಬ್ಬಗೆಯ ನಿಲುವು ನನಗೆ ಸರಿಯೆನಿಸಿಲ್ಲ. ಹಾಗೆಂದು ಎರಡೂ ಒಂದೇ ಎಂದು ಸಾಧಿಸುವುದೂ ಪ್ರಸ್ತುತ ಲೇಖನದ ಉದ್ದೇಶವಲ್ಲ. ಅವುಗಳ ನಡುವೆ ಒಂದು ಮುಖ್ಯವಾದ ಅಂತರವಿದ್ದು, ಆ ಅಂತರದಲ್ಲಿ ನಾವು ಏನನ್ನೋ ಕಳೆದುಕೊಂಡಿದ್ದೇವೆ ಎಂಬುದು ನನ್ನ ವಾದ.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಸುತ್ತಿನ ಪ್ರದೇಶವನ್ನು ಇಲ್ಲಿ ಆಧಾರವಾಗಿ ಇಟ್ಟುಕೊಂಡಿದ್ದೇನೆ. ನಾನು ಈ ಭಾಗದವನೆಂಬುದು ಒಂದು ಕಾರಣ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಕಂಪನಿ ನಾಟಕ ಮತ್ತು ಸಿನಿಮಾ ಇವೆಲ್ಲವನ್ನೂ ಒಂದೇ ತಲೆಮಾರು ಒಂದೇ ಸುಗ್ಗಿಯ ಕಾಲದಲ್ಲಿ ನೋಡಿದ ಪ್ರದೇಶವಿದು ಎಂಬುದು ಇನ್ನೊಂದು ಕಾರಣ. ಗಜೇಂದ್ರಗಡದಿಂದ ಬನಶಂಕರಿ ದೂರವೇನಲ್ಲ. ಬನದ ಹುಣ್ಣಿಮೆಯ ಜಾತ್ರೆಗೆ ಅಲ್ಲಿ ಸಾಲಾಗಿ ಬೀಡುಬಿಡುವ ನಾಟಕ ಕಂಪನಿಗಳ ಮುಂದೆ ನಿಂತು, ಯಾವ ಡೇರೆಯೊಳಗೆ ಹೋಗಬೇಕೆಂದು ಚರ್ಚಿಸುತ್ತಿದ್ದ ಹಿರಿಯರೇ ಊರಿಗೆ ಮರಳಿ ಟಾಕೀಜಿನ ಬಾಗಿಲಲ್ಲಿಯೂ ಅದೇ ಚರ್ಚೆ ಮಾಡುತ್ತಿದ್ದರು.

ಚಿತ್ರಮಂದಿರದಲ್ಲಿ ದೀಪ ಆರಿದ ಮೇಲೆ ಮೊದಲು ಕಾಣುತ್ತಿದ್ದುದು ಕಥೆಯಲ್ಲ, ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ. 1952ರ ಸಿನೆಮಾಟೋಗ್ರಾಫ್ ಕಾಯ್ದೆಯ ಕಾರಣದಿಂದ ಬಂದ ಈ ಕಾಗದವನ್ನು ನಗರದ ಪ್ರೇಕ್ಷಕರು ಓದುತ್ತಿದ್ದರೋ ಇಲ್ಲವೋ, ನಮ್ಮ ಕಡೆಯ ಹಿರಿಯರು ಮಾತ್ರ ಕಣ್ಣಿಟ್ಟು ಓದುತ್ತಿದ್ದರು. ಅದರಲ್ಲಿ ರೀಲುಗಳ ಸಂಖ್ಯೆ ಇರುತ್ತಿತ್ತು. ಹದಿನೆಂಟು ರೀಲು ಎಂದು ಕಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲವೆಂಬ ಸಮಾಧಾನದ ಉದ್ಗಾರ ಬೆಂಚುಗಳಿಂದ ಏಳುತ್ತಿತ್ತು. ಹದಿನಾಲ್ಕಾದರೆ ಒಂದು ಗೊಣಗಾಟ. ಓದು ಬಾರದವರಿಗೆ ಪಕ್ಕದ ಶಾಲೆಯ ಹುಡುಗ ಓದಿ ಹೇಳಬೇಕಾಗುತ್ತಿತ್ತು. ಆ ಕೆಲಸವನ್ನು ನಾನೂ ಮಾಡಿದ್ದೇನೆ. ಅದರ ಬೆನ್ನಿಗೆ, ಈ ಕಥೆಯ ಪಾತ್ರಗಳೆಲ್ಲ ಕಾಲ್ಪನಿಕ ಎಂಬ ಒಕ್ಕಣೆ. ಇದರ ಮೂಲ ದೂರದ್ದು. 1932ರ ಹಾಲಿವುಡ್ ಚಿತ್ರವೊಂದರಲ್ಲಿ ರಾಸ್ಪುಟಿನ್‌ನ ಕಥೆ ಹೇಳುವಾಗ ತನ್ನ ಹೆಂಡತಿಯ ಮಾನಕ್ಕೆ ಧಕ್ಕೆ ಬಂತೆಂದು ರಷ್ಯಾದ ರಾಜಕುಮಾರ ಯೂಸುಪೋವ್ ಮತ್ತು ಅವನ ಪತ್ನಿ ಲಂಡನ್ನಿನಲ್ಲಿ ಹೂಡಿದ ದಾವೆಯು 1934ರಲ್ಲಿ ಗೆದ್ದಿತು. ಆಮೇಲೆ ಈ ಒಕ್ಕಣೆ ಜಗತ್ತಿನಾದ್ಯಂತ ಹಬ್ಬಿತು. ಅದೇ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡಿತೆಂಬುದು ಆಕಸ್ಮಿಕವಾದರೂ ನೆನಪಿಡಬೇಕಾದ ಸಂಗತಿ.

ಪ್ರಭುತ್ವವೂ ಈ ಆರಂಭದ ನಿಮಿಷಗಳ ಬೆಲೆಯನ್ನು ಬಲ್ಲದು. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್‌ನ ವಾರ್ತಾಚಿತ್ರಗಳನ್ನು ದಶಕಗಳ ಕಾಲ ಕಡ್ಡಾಯವಾಗಿ ತೋರಿಸಲಾಯಿತು. 2012ರಿಂದ ತಂಬಾಕಿನ ವಿರುದ್ಧದ ಕಿರುಚಿತ್ರ ಬಂದಿತು. 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ರಾಷ್ಟ್ರಗೀತೆ ಕಡ್ಡಾಯವಾಯಿತು, 2018ರ ಜನವರಿಯಲ್ಲಿ ಅದು ಐಚ್ಛಿಕವಾಯಿತು. ಇವು ಚಿತ್ರದ ಹೊರಗಿನವು ಎನ್ನಬಹುದು. ಆದರೆ ಪ್ರೇಕ್ಷಕನ ಅನುಭವದಲ್ಲಿ ಹೊರಗು-ಒಳಗು ಎಂಬ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ನಿರ್ಮಾಣ ಸಂಸ್ಥೆಯ ಲಾಂಛನ, ದೇವರ ಪಟದ ಮುಂದೆ ಬೆಳಗುವ ಆರತಿ, ಗಂಟೆಯ ನಾದ, ಕೃತಜ್ಞತೆಯ ಉದ್ದನೆಯ ಪಟ್ಟಿ ಇವೆಲ್ಲ ಸೇರಿಯೇ ಅವನ ಪಾಲಿಗೆ ನಾಂದಿ.

ಶೀರ್ಷಿಕೆಯ ಕಾರ್ಡುಗಳ ವಿಷಯದಲ್ಲಿ ನಮ್ಮ ಊರಿನ ಕಲ್ಲುಗಳೇ ಮಾತನಾಡುತ್ತವೆ. ರೋಣ ತಾಲ್ಲೂಕಿನ ಸೂಡಿಯು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡನ್ನು ಆಳಿದ ನೆಲೆ. ಆ ಕಾಲದ ಯಾವ ಶಾಸನವನ್ನು ತೆಗೆದುಕೊಂಡರೂ ಮೊದಲು ಶಿವಸ್ತುತಿ, ಆಮೇಲೆ ಸ್ವಸ್ತಿ, ಆಮೇಲೆ ದೊರೆಯ ಬಿರುದಾವಳಿ. ಹೆಸರು ಬರುವ ಮೊದಲು ಬಿರುದುಗಳು ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತವೆ. 'ನಟಸಾರ್ವಭೌಮ', 'ಸಾಹಸಸಿಂಹ' ಎಂದು ಮೊದಲು ತೋರಿಸಿ, ಒಂದು ಕ್ಷಣ ತಡೆದು, ಆಮೇಲೆ ನಟನ ಹೆಸರನ್ನು ತೆರೆಯ ಮೇಲೆ ತರುವ ಪದ್ಧತಿಗೂ ಇದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ಇದನ್ನು ವಿನೋದಕ್ಕಾಗಿ ಹೇಳುತ್ತಿಲ್ಲ. ಶಾಸನದಲ್ಲಿ ಬಿರುದಾವಳಿ ಮುಗಿದೊಡನೆ ನಿಜವಾದ ವಿಷಯ ಬರುತ್ತದೆ: ಯಾವ ಕೆರೆಗೆ, ಯಾವ ಗುಡಿಗೆ, ಎಷ್ಟು ಮತ್ತರು ಭೂಮಿ, ಅದರ ಎಲ್ಲೆ ಯಾವುದು, ತಪ್ಪಿದವನಿಗೆ ಏನು ಶಾಪ. ಬಿರುದು ಹೊತ್ತವನು ಒಂದು ಕಟ್ಟುಪಾಡಿಗೆ ಸಿಕ್ಕಿಬೀಳುತ್ತಾನೆ. ಈ ದೃಷ್ಟಿಯಿಂದ 2022ರ 'ಕಾಂತಾರ'ದ ಆರಂಭ ಗಮನಾರ್ಹವಾದುದು. 1847ರಲ್ಲಿ ದೊರೆಯೊಬ್ಬ ದೈವದ ಕಲ್ಲಿಗೆ ಬದಲಾಗಿ ಕಾಡಿನ ಭೂಮಿಯನ್ನು ಜನರಿಗೆ ಕೊಡುತ್ತಾನೆ, ತಪ್ಪಿದರೆ ಏನಾಗುವುದೆಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಇದು ದಾನಶಾಸನದ ಮತ್ತು ಶಾಪಾಶಯದ ನೇರವಾದ ಮಂಡನೆ. ಆ ಚಿತ್ರದ ಮುಂದಿನ ಭಾಗದ ಬಗೆಗೆ ನನಗೆ ತಕರಾರುಗಳಿವೆ. ಆದರೆ ಅದರ ಆರಂಭ ಮಾತ್ರ ನಾಯಕನಿಂದಲ್ಲ, ಒಂದು ಕರಾರಿನಿಂದ ಶುರುವಾಗುತ್ತದೆ.

ಇನ್ನು ಒಡ್ಡೋಲಗದ ವಿಚಾರ. ನಮ್ಮ ಭಾಗದ ದೊಡ್ಡಾಟದಲ್ಲಿ ಗಣಪತಿಯ ಪೂಜೆ, ಶಾರದೆಯ ಸ್ತುತಿ ಮುಗಿದ ಮೇಲೆ ರಾಜಪಾತ್ರದ ಪ್ರವೇಶ. ಹಲವು ಮೇಳಗಳಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ಪಾತ್ರವು ಕುಣಿಯುತ್ತದೆ. ಮೊದಲು ಕಾಲ ಗೆಜ್ಜೆಯ ಸದ್ದು, ಆಮೇಲೆ ಕಿರೀಟದ ತುದಿ, ಕೊನೆಗೆ ಮುಖ. ನಾಯಕನ ಬೂಟು, ಮಣಿಕಟ್ಟು, ಬೆನ್ನು, ಹಿಂದಿನಿಂದ ಬೀಳುವ ಬೆಳಕು ಇವನ್ನೆಲ್ಲ ತೋರಿಸಿ ಮುಖವನ್ನು ತಡೆಹಿಡಿಯುವ ಸಿನಿಮಾದ ತಂತ್ರ ಇದರಿಂದಲೇ ಬಂದಿದೆ ಎಂದು ನೇರವಾಗಿ ಸಾಧಿಸುವುದು ಕಷ್ಟವಿರಬಹುದು. ಆದರೆ ಅದು ಬಂದ ದಾರಿಯ ಗುರುತುಗಳು ಇವೆ. 'ಸತಿ ಸುಲೋಚನಾ'ದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ವೃತ್ತಿರಂಗಭೂಮಿಯವರು. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ನಂಟಿನಿಂದ ಹುಟ್ಟಿದ ಚಿತ್ರ. ಬಾಗಲಕೋಟೆ ಸೀಮೆಯ ನಾಟಕಕಾರ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕವು 1974ರಲ್ಲಿ ರಾಜಕುಮಾರರ ಚಿತ್ರವಾಯಿತು. ಗದುಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದ ಕಾಲದಿಂದ ಬೆಳ್ಳಿತೆರೆಯವರೆಗೆ ಪ್ರವೇಶದ ಈ ವ್ಯಾಕರಣ ಕೈಯಿಂದ ಕೈಗೆ ದಾಟಿ ಬಂದಿದೆ. ಚಲನಚಿತ್ರ ಅಧ್ಯಯನದವರು ಇದನ್ನು 'ದರ್ಶನ' ಎಂಬ ಪರಿಭಾಷೆಯಲ್ಲಿ ವಿವರಿಸುತ್ತಾರೆ. ಎಂ. ಮಾಧವ ಪ್ರಸಾದ್ ಅವರು 1998ರಲ್ಲಿ ಹಿಂದಿ ಚಿತ್ರಗಳನ್ನು ಕುರಿತು ಪ್ರಕಟಿಸಿದ ಗ್ರಂಥವು ಈ ಚರ್ಚೆಗೆ ಗಟ್ಟಿಯಾದ ತಳಹದಿ ಹಾಕಿತು. ಗುಡಿಯ ಗರ್ಭಗೃಹದ ಬಾಗಿಲು ತೆರೆದಾಗ ಭಕ್ತ ದೇವರನ್ನು ನೋಡುವಂತೆ ಪ್ರೇಕ್ಷಕ ತಾರೆಯನ್ನು ನೋಡುತ್ತಾನೆ ಎಂಬುದು ಈ ಬಗೆಯ ಚಿಂತನೆಯ ಸ್ಥೂಲ ಸಾರ.

ಈ ವಿವರಣೆ ಸುಳ್ಳಲ್ಲ, ಆದರೆ ನಮ್ಮ ಬಯಲಾಟದ ಮಟ್ಟಿಗೆ ಅಪೂರ್ಣ. ದೊಡ್ಡಾಟದಲ್ಲಿ ತೆರೆ ಸರಿದ ಮೇಲೆ ದರ್ಶನ ಮುಗಿಯುವುದಿಲ್ಲ, ಅಲ್ಲಿಂದ ವಿಚಾರಣೆ ಆರಂಭವಾಗುತ್ತದೆ. ಸಾರಥಿ ಎದುರು ನಿಲ್ಲುತ್ತಾನೆ. ನೀನು ಯಾರು, ನಿನ್ನ ಊರು ಯಾವುದು, ತಂದೆ-ತಾಯಿ ಯಾರು, ಈ ಸಭೆಗೆ ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳುತ್ತಾನೆ. ದುರ್ಯೋಧನನೇ ಆಗಲಿ ರಾವಣನೇ ಆಗಲಿ, ಎಷ್ಟು ಗದರಿದರೂ ಕೊನೆಗೆ ಉತ್ತರ ಕೊಡಲೇಬೇಕು. ಸಾರಥಿಯು ಅದೇ ಹೊತ್ತಿಗೆ ಹಾಸ್ಯಗಾರನೂ ಆಗಿರುವುದು ಕಾಕತಾಳೀಯವಲ್ಲ. ಅವನು ಊರಿನ ಮಾತಿನಲ್ಲಿ ಕೇಳುತ್ತಾನೆ, ರಾಜ ಗ್ರಂಥದ ಮಾತಿನಲ್ಲಿ ಉತ್ತರಿಸುತ್ತಾನೆ. ಉತ್ತರ ಸಮಾಧಾನ ತರದಿದ್ದರೆ ಸಾರಥಿ ಅದನ್ನು ತಿರುಚಿ ಮತ್ತೆ ಕೇಳುತ್ತಾನೆ, ಸಭೆ ನಗುತ್ತದೆ. ಪಾರಿಜಾತದಲ್ಲಿ ಭಾಗವತ ಮತ್ತು ದೂತೆಯ ನಡುವಿನ ಸರಸದ ಮಾತುಕತೆಯೂ ಇದೇ ಜಾತಿಯದು. ಸತ್ಯಭಾಮೆಯ ಹಮ್ಮು ಮೊದಲು ತೂಗಲ್ಪಡುವುದು ಕೃಷ್ಣನ ಎದುರಲ್ಲ, ಇವರ ನಾಲಗೆಯ ಮೇಲೆ.

ಸಿನಿಮಾ ಉಳಿಸಿಕೊಂಡದ್ದು ತೆರೆಯನ್ನು, ಕೈಬಿಟ್ಟದ್ದು ಸಾರಥಿಯನ್ನು. ನಾಯಕ ಬರುತ್ತಾನೆ, ಹತ್ತಾರು ಜನರನ್ನು ಹೊಡೆದು ಉರುಳಿಸುತ್ತಾನೆ, ಹಾಡಿನಲ್ಲಿ ಊರಿನ ಜನರೇ ಅವನ ಗುಣಗಾನ ಮಾಡುತ್ತಾರೆ. ನೀನು ಯಾರು, ಏಕೆ ಬಂದೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಹಾಸ್ಯನಟ ಪಕ್ಕದಲ್ಲಿದ್ದಾನೆ ನಿಜ, ಆದರೆ ಅವನು ಹೊಗಳುಭಟ್ಟನಾಗಿದ್ದಾನೆ ಅಥವಾ ಏಟು ತಿನ್ನುವವನಾಗಿದ್ದಾನೆ. 2018ರ 'ಕೆಜಿಎಫ್' ಮೊದಲ ಭಾಗದ ಆರಂಭವನ್ನು ಇಲ್ಲಿ ಉದಾಹರಿಸಬಹುದು. ಅಲ್ಲಿ ಪ್ರಶ್ನೆ ಕೇಳುವವರಿದ್ದಾರೆ, ದೂರದರ್ಶನ ವಾಹಿನಿಯ ಸಂದರ್ಶನವೇ ಇದೆ. ಆದರೆ ಪ್ರಶ್ನೆಗೆ ಗುರಿಯಾಗುವವನು ನಾಯಕನಲ್ಲ, ನಾಯಕನ ಚರಿತ್ರೆ ಬರೆದ ಪತ್ರಕರ್ತ ಆನಂದ್ ಇಂಗಳಗಿ. ರಾಜನನ್ನು ಕೇಳಬೇಕಾದುದನ್ನು ಆಸ್ಥಾನಕವಿಯನ್ನು ಕೇಳಿದಂತೆ. ಅವನ ಉತ್ತರವೇ ಚಿತ್ರದುದ್ದಕ್ಕೂ ಬಿರುದಾವಳಿಯಾಗಿ ಹರಿಯುತ್ತದೆ. ತಾಂತ್ರಿಕವಾಗಿ ಅದು ಬಹಳ ಕೌಶಲದ ಆರಂಭ. ಅದಕ್ಕಾಗಿಯೇ ಅದು ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ.

ಇದಕ್ಕೆ ಅಪವಾದಗಳಿಲ್ಲವೆಂದಲ್ಲ. 2006ರ 'ಮುಂಗಾರು ಮಳೆ'ಯ ನಾಯಕ ಮೊದಲಿಗೇ ಹುಡುಗಿಯನ್ನು ನೋಡುತ್ತ ಗುಂಡಿಗೆ ಬೀಳುತ್ತಾನೆ. ಒಡ್ಡೋಲಗವನ್ನು ತಲೆಕೆಳಗು ಮಾಡಿದ ಪ್ರವೇಶವದು. ಆ ಚಿತ್ರವನ್ನು ನಮ್ಮೂರಿನ ಕಡೆ ಹುಡುಗರು ಅಷ್ಟು ಪ್ರೀತಿಯಿಂದ ನೋಡಿದ್ದರಲ್ಲಿ ಆ ಗುಂಡಿಯ ಪಾಲೂ ಇದೆಯೆಂದು ನಾನು ನಂಬಿದ್ದೇನೆ. ಇನ್ನೊಂದು ಅಪವಾದ ರಾಮ್ ರೆಡ್ಡಿಯವರ 'ತಿಥಿ'. ಮಂಡ್ಯ ಸೀಮೆಯ ಹಳ್ಳಿಯ ರಸ್ತೆಬದಿಯಲ್ಲಿ ಕುಳಿತ ಶತಾಯುಷಿ ಸೆಂಚುರಿಗೌಡ ಹೋಗುಬರುವವರನ್ನೆಲ್ಲ ತಡೆದು ಕೆಣಕುತ್ತಾನೆ, ಬೈಯುತ್ತಾನೆ, ಹಂಗಿಸುತ್ತಾನೆ. ಆ ಚಿತ್ರವನ್ನು ಮೊದಲು ನೋಡಿದಾಗ ಇವನನ್ನು ಎಲ್ಲಿಯೋ ಕಂಡಿದ್ದೇನೆ ಎನಿಸಿತ್ತು. ಇವನು ಸಾರಥಿಯೇ. ಆದರೆ ಕೆಲವೇ ನಿಮಿಷಗಳಲ್ಲಿ ಅವನು ಸತ್ತುಬೀಳುತ್ತಾನೆ, ಉಳಿದ ಚಿತ್ರವೆಲ್ಲ ಅವನ ತಿಥಿಯ ಸಿದ್ಧತೆ. ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳು ನಾಯಕನ ಪ್ರವೇಶವನ್ನೇ ತ್ಯಜಿಸಿದವು. ಅದು ದೊಡ್ಡ ಸಾಧನೆಯೇ. ಆದರೆ ಅವೂ ಕಾಲಕ್ರಮದಲ್ಲಿ ಮೌನ, ಮಂದಗತಿಯ ನಿಸರ್ಗದೃಶ್ಯ, ದೂರದ ಗಂಟೆ ಎಂಬ ತಮ್ಮದೇ ನಾಂದಿಯನ್ನು ರೂಢಿಸಿಕೊಂಡವು. ನಿಧಾನವಾದ ಆರಂಭ ನಮ್ಮ ಜನರಿಗೆ ಒಗ್ಗದು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 1922ರಲ್ಲಿ ರೋಣದಲ್ಲಿ ಹುಟ್ಟಿ, 1966ರ 'ಸಂಧ್ಯಾರಾಗ' ಚಿತ್ರಕ್ಕೆ ದನಿ ಕೊಟ್ಟ ಭೀಮಸೇನ ಜೋಶಿಯವರ ವಿಲಂಬಿತ್ ಆಲಾಪವನ್ನು ಗಂಟೆಗಟ್ಟಲೆ ಕೇಳಿದ ನಾಡಿದು.

ಆರಂಭದ ಇನ್ನೊಂದು ದೊಡ್ಡ ರೂಢಿ ಆಗಮನ. ಬಸ್ಸು ಧೂಳೆಬ್ಬಿಸಿಕೊಂಡು ಬಂದು ಹಳ್ಳಿಯ ಕಟ್ಟೆಯ ಬಳಿ ನಿಲ್ಲುತ್ತದೆ. ಪಟ್ಟಣದಿಂದ ಬಂದ ಒಬ್ಬಾತ ಪೆಟ್ಟಿಗೆ ಹಿಡಿದು ಇಳಿಯುತ್ತಾನೆ, ಅವನ ಕಣ್ಣಿನಿಂದ ನಾವು ಹಳ್ಳಿಯನ್ನು ನೋಡುತ್ತೇವೆ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1972ರಲ್ಲಿ ನಿರ್ದೇಶಿಸಿದ 'ಬಂಗಾರದ ಮನುಷ್ಯ' ಈ ರೂಢಿಯ ಶ್ರೇಷ್ಠ ಮಾದರಿ. ಅಕ್ಕನ ಊರಿಗೆ ನಗುತ್ತ ಬರುವ ರಾಜೀವನಿಗೆ ಎದುರಾಗುವುದು ಭಾವನ ಸಾವು. ಬಂದವನು ದುಡಿಯುತ್ತಾನೆ, ಕಟ್ಟುತ್ತಾನೆ, ಕೊನೆಗೆ ಬರಿಗೈಯಲ್ಲಿ ಹೊರಟುಹೋಗುತ್ತಾನೆ. ಆಗಮನಕ್ಕೆ ನಿರ್ಗಮನ ಸರಿಯಾಗಿ ಜೋಡಿಯಾದ ಕಾರಣ ಆ ಚಿತ್ರ ಇಂದಿಗೂ ನಿಂತಿದೆ. ಅದರ ನಂತರ ಬಂದ ನೂರಾರು ಅನುಕರಣೆಗಳಲ್ಲಿ ಬಸ್ಸು ಮಾತ್ರ ಉಳಿಯಿತು. ಬಸ್ಸಿನಿಂದ ಇಳಿದವನಿಗೆ ದಾರಿ ಹೇಳುವ ಪಾತ್ರಕ್ಕೆ ನಮ್ಮ ಕಡೆಯ ಮಾತನ್ನು ತುರುಕಿ ನಗೆಯುಕ್ಕಿಸುವುದು ಇದರ ಒಂದು ಕೆಟ್ಟ ಉಪಶಾಖೆ. ಗಜೇಂದ್ರಗಡದ ಪ್ರೇಕ್ಷಕ ತನ್ನ ತಾಯಿನುಡಿಯನ್ನು ತೆರೆಯ ಮೇಲೆ ಮೊದಲು ಕೇಳಿದ್ದು ಹಾಸ್ಯದ ವಸ್ತುವಾಗಿ ಎಂಬುದು ಸಣ್ಣ ವಿಷಯವೇನಲ್ಲ.

ಈ ಆಗಮನ ನಮ್ಮ ಅನುಭವಕ್ಕೆ ವಿರುದ್ಧವಾದುದೂ ಹೌದು. ರೋಣ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಸ್ಸು ಎಂದರೆ ಹೊರಡುವ ಬಸ್ಸು. ಮಳೆ ಕೈಕೊಟ್ಟ ವರ್ಷ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಟ ಕುಟುಂಬಗಳು, ಬುತ್ತಿಗಂಟು, ಪ್ಲಾಸ್ಟಿಕ್ ಕೊಡ, ನಿದ್ದೆಗಣ್ಣಿನ ಮಕ್ಕಳು, ಬಾಗಿಲಲ್ಲಿ ಉಳಿದ ಮುದುಕಿ. ರಾತ್ರಿಯ ನಿಲ್ದಾಣದಲ್ಲಿ ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಸಿನಿಮಾದಲ್ಲಿ ಹಳ್ಳಿಗೆ ಬಸ್ಸು ಬಂದಾಗ ಅದರಿಂದ ಇಳಿಯುವವರಿಗಿಂತ, ಅದು ತಿರುಗಿ ಹೋಗುವಾಗ ಹತ್ತುವವರು ಯಾರು ಎಂದು ಹುಡುಕುವುದು ಅಭ್ಯಾಸವಾಗಿದೆ. ಕ್ಯಾಮೆರಾ ಅಲ್ಲಿಯವರೆಗೆ ಕಾಯುವುದಿಲ್ಲ.

ಹಾಗಾದರೆ ನಮ್ಮ ನೆಲದ ಕಥೆ ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆಗೆ ಲಾವಣಿಗಳಲ್ಲಿ ಒಂದು ಉತ್ತರವಿದೆ. ಹಲಗಲಿ ಬೇಡರ ದಂಗೆಯ ಲಾವಣಿಯು ವೀರನ ವರ್ಣನೆಯಿಂದ ಆರಂಭವಾಗುವುದಿಲ್ಲ. ಕುಂಪಣಿ ಸರಕಾರದ ಒಂದು ಹುಕುಮಿನಿಂದ, ಜನರ ಕೈಯಲ್ಲಿದ್ದ ಹತಾರಗಳನ್ನು ಕಸಿದುಕೊಳ್ಳಬೇಕೆಂಬ ಆಜ್ಞೆಯಿಂದ ಆರಂಭವಾಗುತ್ತದೆ. ವ್ಯಕ್ತಿಗಳು ಆಮೇಲೆ ಬರುತ್ತಾರೆ. ಲಾವಣಿಕಾರನಿಗೆ ಮೊದಲು ಕಾರಣ ಬೇಕು. ನರಗುಂದದ ಎರಡೂ ಬಂಡಾಯಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವೂ ಕಾಗದದಿಂದಲೇ ಆರಂಭವಾದವು. ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ದತ್ತಕದ ಹಕ್ಕನ್ನು ಕುಂಪಣಿ ನಿರಾಕರಿಸಿತು. 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಮ್ಯಾನ್ಸನ್ ಹತನಾದುದು, ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದುದು ಆ ನಿರಾಕರಣೆಯ ಮುಂದುವರಿಕೆ. ನೂರಿಪ್ಪತ್ತೆರಡು ವರ್ಷಗಳ ನಂತರ, ಮಲಪ್ರಭಾ ಅಚ್ಚುಕಟ್ಟಿನ ರೈತರ ಮನೆಗೆ ಅಭಿವೃದ್ಧಿ ಕರದ ತಗಾದೆ ಬಂತು. ಕಾಲುವೆಯಲ್ಲಿ ನೀರು ಸರಿಯಾಗಿ ಬರದಿದ್ದರೂ ಕರ ಮಾತ್ರ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಅಲ್ಲಿಂದ ಎದ್ದ ಚಳವಳಿ ರಾಜ್ಯವ್ಯಾಪಿಯಾಯಿತು.

ಈ ಎರಡನೆಯ ಬಂಡಾಯವನ್ನು ಕುರಿತ 'ನರಗುಂದ ಬಂಡಾಯ' ಎಂಬ ಚಿತ್ರ 2020ರ ಮಾರ್ಚ್‌ನಲ್ಲಿ ತೆರೆಕಂಡಿತು. ಅದರ ಬೆನ್ನಿಗೇ ಕೊರೊನಾ ಕಾರಣದಿಂದ ಚಿತ್ರಮಂದಿರಗಳು ಮುಚ್ಚಿದವು. ಒಂದು ಚಿತ್ರದಿಂದ ಮುಗಿಯುವ ವಸ್ತುವೂ ಇದಲ್ಲ. ಮುಂದೆ ಯಾರೇ ಇದನ್ನು ಕೈಗೆತ್ತಿಕೊಂಡರೂ ಮೊದಲ ದೃಶ್ಯವನ್ನು ಆಯ್ದುಕೊಳ್ಳುವಾಗಲೇ ಅವರ ರಾಜಕಾರಣ ತೀರ್ಮಾನವಾಗಿಬಿಡುತ್ತದೆ. ಒಬ್ಬ ತರುಣ ನಿಧಾನಗತಿಯಲ್ಲಿ ಓಡಿಬಂದು ಪೊಲೀಸರನ್ನು ಎದುರಿಸುವಲ್ಲಿಂದ ಶುರುಮಾಡಿದರೆ ಅದು ಒಬ್ಬ ವೀರನ ಕಥೆ. ಹೆಸರು ತಪ್ಪಾಗಿ ಬರೆದ ಒಂದು ತಗಾದೆಯ ಚೀಟಿಯನ್ನು ಓದು ಬಾರದ ರೈತ ಶಾಲೆಯ ಮಗನ ಕೈಗೆ ಕೊಟ್ಟು, ಏನು ಬರೆದಾರೆ ನೋಡು ಎನ್ನುವಲ್ಲಿಂದ ಶುರುಮಾಡಿದರೆ ಅದು ಬೇರೆಯೇ ಕಥೆ. ಅಲ್ಲಿ ಪ್ರಭುತ್ವವೇ ತೆರೆಯ ಹಿಂದಿನಿಂದ ಮೊದಲು ಕಾಗದವನ್ನು, ಆಮೇಲೆ ಗುಮಾಸ್ತನನ್ನು, ಕೊನೆಗೆ ಬಂದೂಕನ್ನು ತೋರಿಸುತ್ತ ಪ್ರವೇಶ ಮಾಡುತ್ತದೆ. ಯಾರು ನೀನು, ಈ ಸಭೆಗೆ ಏಕೆ ಬಂದೆ ಎಂದು ರೈತ ಕೇಳುತ್ತಾನೆ.

ಇಂದು ಆರಂಭದ ದೃಶ್ಯದ ಸ್ಥಿತಿ ಬದಲಾಗಿದೆ. ಪ್ರಿಂಟುಗಳು ಹೋಗಿ ಉಪಗ್ರಹದ ಮೂಲಕ ಚಿತ್ರ ಬರುತ್ತದೆ, ಹಾಗಾಗಿ ರೀಲುಗಳನ್ನು ಎಣಿಸುವವರಿಲ್ಲ. ಮೊಬೈಲಿನಲ್ಲಿ ನೋಡುವವರಿಗೆ ಶೀರ್ಷಿಕೆಗಳನ್ನು ಹಾರಿಸಿಬಿಡುವ ಗುಂಡಿಯನ್ನು 2017ರಿಂದ ಕಂಪನಿಗಳೇ ಒದಗಿಸಿವೆ. ಪ್ರೇಕ್ಷಕ ಎಲ್ಲಿ ಬಿಟ್ಟುಹೋಗುವನೋ ಎಂಬ ಭಯದಿಂದ ಅಂತ್ಯದ ಹೊಡೆದಾಟದ ಒಂದು ತುಣುಕನ್ನು ಮೊದಲೇ ತೋರಿಸಿ, ಕೆಲವು ತಿಂಗಳುಗಳ ಹಿಂದೆ ಎಂದು ಬರೆದು ಹಿಂದಕ್ಕೆ ಹೋಗುವ ಪದ್ಧತಿ ಬೇಸರ ತರಿಸುವಷ್ಟು ಹಬ್ಬಿದೆ. ಇದರ ಬಗೆಗೆ ಹೆಚ್ಚು ಬರೆಯಬೇಕಾದ ಅಗತ್ಯವಿಲ್ಲ. ಅಗತ್ಯವಿರುವುದು, ದೊಡ್ಡಾಟದ ಪ್ರಸಂಗಗಳ ಪಠ್ಯವನ್ನು ಸಂಪಾದಿಸುವಾಗ ಕಥಾಭಾಗವನ್ನಷ್ಟೇ ಅಚ್ಚುಮಾಡಿ ಸಾರಥಿಯ ಮಾತುಗಳನ್ನು 'ಆಶುವಾದವು' ಎಂದು ಬಿಟ್ಟುಬಿಡುವ ನಮ್ಮ ಸಂಪಾದನಾ ಪದ್ಧತಿಯನ್ನು ಮರುಪರಿಶೀಲಿಸುವುದು. ಆ ಮಾತುಗಳನ್ನು ಆಡಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರ ಪ್ರಶ್ನೆಗಳು ಊರಿಂದೂರಿಗೆ, ರಾತ್ರಿಯಿಂದ ರಾತ್ರಿಗೆ ಬೇರೆಯಾಗುತ್ತಿದ್ದವು. ಅವನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸ ಈಗಲೇ ಆಗಬೇಕು.

ಕ್ಷೇತ್ರಕಾರ್ಯದ ನಿಮಿತ್ತ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ನೋಡಿದ ದೊಡ್ಡಾಟದಲ್ಲಿ ದುರ್ಯೋಧನನ ಪ್ರವೇಶಕ್ಕೆ ಧ್ವನಿವರ್ಧಕದಿಂದ ಯಾವುದೋ ಸಿನಿಮಾದ ಹಿನ್ನೆಲೆ ಸಂಗೀತ ಹಾಕಿದ್ದರು. ಹುಡುಗರು ಶಿಳ್ಳೆ ಹೊಡೆದರು, ಮೊಬೈಲುಗಳು ಮೇಲೆದ್ದವು. ಸಂಗೀತ ನಿಂತ ಮೇಲೆ ಎಪ್ಪತ್ತು ದಾಟಿದ ಸಾರಥಿ ಮುಂದೆ ಬಂದು, ಈ ಸಭೆಗೆ ಬಂದ ಕಾರಣವೇನೆಂದು ಎಂದಿನಂತೆ ಕೇಳಿದ. ಹೊಸದಾಗಿ ವೇಷ ಕಟ್ಟಿದ ಹುಡುಗನಿಗೆ ಮಾತು ಮರೆತುಹೋಯಿತು. ಒಂದು ಕ್ಷಣ ಎಲ್ಲ ಸುಮ್ಮನಾಯಿತು. ಆಮೇಲೆ ಹೆಂಗಸರು ಕುಳಿತಿದ್ದ ಕಡೆಯಿಂದ ಒಂದು ದನಿ ಮುಂದಿನ ಸಾಲನ್ನು ಹೇಳಿಕೊಟ್ಟಿತು, ಹುಡುಗ ಅದನ್ನು ಹಿಡಿದು ಮುಂದುವರಿದ.